ಜಪಾನಿ ಮೇಲ್ ಗಜಿಬಿಜಿಯಾಗಿ ಬಂದಾಗ: ಮೊದಲು ಏನು ಮಾಡಬೇಕು, ಯಾವುದನ್ನು ಮುಟ್ಟಬಾರದು

ಒಸಾಕಾದಿಂದಲೋ ನಗೋಯಾದಿಂದಲೋ ಮೇಲ್ ಬಂದಿದೆ. ತೆರೆದರೆ ಜಪಾನಿ ಇಲ್ಲ. ಡಾಲರ್ ಚಿಹ್ನೆ, ಆವರಣ ಚಿಹ್ನೆ, ಅರ್ಥವಿಲ್ಲದ ಕಾಂಜಿ (ಚೀನಾದಿಂದ ಬಂದ ದಟ್ಟ ಅಕ್ಷರಗಳು), ಇಲ್ಲವೇ ಸಾಲುಗಟ್ಟಲೆ ಪ್ರಶ್ನೆ ಚಿಹ್ನೆ. ಜಪಾನಿಯರು ಇದಕ್ಕೆ ಮೊಜಿಬಾಕೆ ಎನ್ನುತ್ತಾರೆ. ಮೊಜಿ ಎಂದರೆ ಅಕ್ಷರ. ಬಾಕೆ ಎಂದರೆ ವೇಷ ಬದಲಿಸಿಕೊಂಡದ್ದು.

ಇದನ್ನು ಸರಿಮಾಡಲು ಹೊರಟವರು ಜಾಸ್ತಿ ಎಡವುವುದು ಕ್ರಮದಲ್ಲಿ. ನಾನು ಅನುವಾದದ ಕೆಲಸ ಮಾಡುತ್ತೇನೆ. ಒಮ್ಮೆ ಒಂದು ಕಚೇರಿಯವರು ಕೆಟ್ಟ ಮೇಲನ್ನು ತಮ್ಮತಮ್ಮಲ್ಲೇ ನಾಲ್ಕು ಸಲ ಫಾರ್ವರ್ಡ್ ಮಾಡಿ, ಐದನೆಯದಾಗಿ ನನಗೆ ಕಳಿಸಿದರು. ಅಷ್ಟರಲ್ಲಿ ಅದರಲ್ಲಿ ಪ್ರಶ್ನೆ ಚಿಹ್ನೆ ಬಿಟ್ಟು ಏನೂ ಉಳಿದಿರಲಿಲ್ಲ. ಮೊದಲ ಮೇಲನ್ನೂ ಯಾರೋ ಅಳಿಸಿದ್ದರು. ಅದು ಸಿಕ್ಕಿದ್ದರೆ ಎರಡು ನಿಮಿಷದ ಕೆಲಸ.

ಒಂದು ವಿಷಯ ತಲೆಯಲ್ಲಿರಲಿ. ಮೇಲ್ ಅಂದರೆ ಡಬ್ಬಿಯೊಳಗಿನ ಪುಡಿ, ಮೇಲಂಟಿಸಿದ ಚೀಟಿ. ಪುಡಿ ಎಂದರೆ ಬೈಟ್‌ಗಳು, ಅಂದರೆ ಅಕ್ಷರಗಳ ಬದಲು ಕಂಪ್ಯೂಟರ್ ಇಟ್ಟುಕೊಳ್ಳುವ ಸಂಖ್ಯೆಗಳು. ಚೀಟಿ ಎಂದರೆ ‘ಇದು ಯಾವ ಎನ್‌ಕೋಡಿಂಗ್’ ಎಂದು ಹೇಳುವ ಹೆಡರ್, ಮೇಲ್‌ನ ತಲೆಬರಹದ ಸಾಲು. ಎನ್‌ಕೋಡಿಂಗ್ ಎಂದರೆ ಯಾವ ಬೈಟ್‌ಗೆ ಯಾವ ಅಕ್ಷರ ಎನ್ನುವ ಪಟ್ಟಿ. ಸಾರಿನ ಪುಡಿ ಡಬ್ಬಿಗೆ ಹುಳಿಪುಡಿಯ ಚೀಟಿ ಅಂಟಿಸಿದರೆ ಪುಡಿ ಕೆಡುವುದಿಲ್ಲ, ಚೀಟಿ ತಿದ್ದಿದರೆ ಆಯಿತು. ಪುಡಿಯೇ ಚೆಲ್ಲಿಹೋಗಿದ್ದರೆ ಯಾವ ಚೀಟಿ ಅಂಟಿಸಿಯೂ ಪ್ರಯೋಜನವಿಲ್ಲ. ನಿಮ್ಮದು ಯಾವ ಕೇಸು ಎಂದು ತಿಳಿಯುವುದೇ ಅರ್ಧ ಕೆಲಸ.

## ಶುರುಮಾಡುವ ಮೊದಲು ಏನೇನು ಬೇಕು

ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶ ಹಾಕಿಕೊಳ್ಳಿ. ನೀವು ದಿನಾ ಬಳಸುವುದು ಔಟ್‌ಲುಕ್ ಅಥವಾ ಜಿಮೇಲ್ ಆಗಿದ್ದರೂ ಇರಲಿ. ಉಳಿಸಿಟ್ಟ ಮೇಲ್ ಫೈಲನ್ನು ತೆರೆದು ನೋಡಲು ಅದು ಅನುಕೂಲ, ಹಣವೂ ಬೇಡ.

ಜೊತೆಗೆ ಎನ್‌ಕೋಡಿಂಗ್ ಆರಿಸಲು ಬರುವ ಎಡಿಟರ್ ಒಂದು ಬೇಕು. ವಿಂಡೋಸ್‌ನಲ್ಲಿ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಸಾಕು. ಜಪಾನಿನವರೇ ಬರೆದ ಸಾಕುರಾ ಎಡಿಟರ್ ಇನ್ನೂ ಚೆನ್ನ, ಆದರೆ ಮೆನು ಜಪಾನಿಯಲ್ಲಿರಬಹುದು. ಕಮಾಂಡ್ ಲೈನ್ ಅಭ್ಯಾಸವಿದ್ದರೆ ಎನ್‌ಕೆಎಫ್ ಎಂಬ ಪುಟ್ಟ ಪ್ರೋಗ್ರಾಂ ಇಟ್ಟುಕೊಳ್ಳಿ. ಜಪಾನಿ ಎನ್‌ಕೋಡಿಂಗ್‌ಗಳನ್ನು ಊಹಿಸಿ ಬದಲಿಸುವುದೇ ಅದರ ಕೆಲಸ.

ನೀವು ಎದುರಿಸುವ ಎನ್‌ಕೋಡಿಂಗ್‌ಗಳು ನಾಲ್ಕೇ. ಜಪಾನಿ ಮೇಲ್‌ಗೆಂದೇ ಬಳಕೆಗೆ ಬಂದ ಐಎಸ್‌ಒ-2022-ಜೆಪಿ, ಇದನ್ನು ಮೆನುಗಳಲ್ಲಿ ಬರೀ ಜಿಸ್ ಎಂದೂ ಬರೆದಿರುತ್ತಾರೆ. ಹಳೆಯ ವಿಂಡೋಸ್‌ನ ಶಿಫ್ಟ್-ಜಿಸ್. ಯೂನಿಕ್ಸ್ ಸರ್ವರ್‌ಗಳ ಇಯುಸಿ-ಜೆಪಿ. ಮತ್ತೆ ಎಲ್ಲರ ಯುಟಿಎಫ್-8.

## ಹಂತ 1: ಮೂಲ ಮೇಲನ್ನು ಹಾಗೇ ಉಳಿಸಿ

ಫಾರ್ವರ್ಡ್ ಬೇಡ. ರಿಪ್ಲೈ ಬೇಡ. ಕೆಟ್ಟ ಅಕ್ಷರಗಳನ್ನು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಹಾಕಿ ‘ಇದೇನು ನೋಡಿ’ ಎಂದು ಕೇಳುವುದಂತೂ ಬೇಡವೇ ಬೇಡ. ಹಾಗೆ ಮಾಡಿದಾಗಲೆಲ್ಲ ತಪ್ಪಾಗಿ ಕಂಡದ್ದೇ ಹೊಸ ಬೈಟ್‌ಗಳಾಗಿ ಕೂತುಬಿಡುತ್ತದೆ.

ಇದಕ್ಕೆ ಒಂದು ಗಟ್ಟಿ ಕಾರಣ ಹೇಳುತ್ತೇನೆ. ಯುಟಿಎಫ್-8ರಲ್ಲಿ ‘ಆ’ದಿಂದ ‘ಮಿ’ವರೆಗಿನ ಹಿರಾಗಾನಾ (ಜಪಾನಿಯ ಸರಳ ಉಚ್ಚಾರದ ಲಿಪಿ) ಅಕ್ಷರಗಳಿಗೆಲ್ಲ ಎರಡನೆಯ ಬೈಟ್ 129. ವಿಂಡೋಸ್-1252 ಎಂಬ ಯುರೋಪಿನ ಪಟ್ಟಿಯಲ್ಲಿ 129ಕ್ಕೆ ಅಕ್ಷರವೇ ಇಲ್ಲ. ಅಂಥ ಪರದೆಯಿಂದ ಕಾಪಿ ಮಾಡಿದರೆ ಆ ಬೈಟ್ ಸದ್ದಿಲ್ಲದೆ ಉದುರಿಹೋಗಬಹುದು. ಆಮೇಲೆ ಹಿರಾಗಾನಾ ವಾಪಸ್ ತರುವುದು ಕಷ್ಟ.

ಥಂಡರ್‌ಬರ್ಡ್‌ನಲ್ಲಿ ಮೇಲ್ ಆರಿಸಿ ಕಂಟ್ರೋಲ್-ಎಸ್ ಒತ್ತಿ, ಇಎಂಎಲ್ ಫೈಲಾಗಿ, ಅಂದರೆ ಹೆಡರ್ ಸಮೇತ ಇಡೀ ಮೇಲ್ ಇರುವ ಫೈಲಾಗಿ ಉಳಿಸಿ. ಜಿಮೇಲ್‌ನಲ್ಲಿ ಮೇಲಿನ ಮೂರು ಚುಕ್ಕಿ ಒತ್ತಿ, ಶೋ ಒರಿಜಿನಲ್ ಆರಿಸಿ, ಅಲ್ಲಿಂದ ಡೌನ್‌ಲೋಡ್ ಮಾಡಿ. ಆಪಲ್ ಮೇಲ್‌ನಲ್ಲಿ ಸೇವ್ ಆಸ್ ಕೊಟ್ಟು ರಾ ಮೆಸೇಜ್ ಸೋರ್ಸ್ ಆರಿಸಿ. ಹಳೆಯ ಔಟ್‌ಲುಕ್ ಸ್ವಲ್ಪ ತಲೆನೋವು. ಅದು ಹೆಡರ್ ಮಾತ್ರ ತೋರಿಸುತ್ತದೆ, ಮೇಲ್‌ನ ಮೂಲ ರೂಪ ಕೊಡುವುದಿಲ್ಲ. ಅದೇ ಖಾತೆಯನ್ನು ಬ್ರೌಸರ್‌ನಲ್ಲಿ ತೆರೆದು ಅಲ್ಲಿಂದ ಮೂಲ ಇಳಿಸಿಕೊಳ್ಳಲು ಆಗುತ್ತದಾ ನೋಡಿ.

ಬೇರೆಯವರಿಗೆ ತೋರಿಸಲೇಬೇಕು ಅನ್ನಿಸಿದರೆ ಫಾರ್ವರ್ಡ್ ಆಸ್ ಅಟ್ಯಾಚ್‌ಮೆಂಟ್ ಬಳಸಿ. ಸಾದಾ ಫಾರ್ವರ್ಡ್ ಬೇರೆ, ಇದು ಬೇರೆ. ಉಳಿಸಿದ ಫೈಲಿಗೆ ಇನ್ನೊಂದು ಪ್ರತಿ ಮಾಡಿ. ಮುಂದಿನ ಪ್ರಯೋಗವೆಲ್ಲ ಆ ಪ್ರತಿಯ ಮೇಲೆ.

## ಹಂತ 2: ಗಜಿಬಿಜಿಯ ಮುಖ ನೋಡಿ

ಜಪಾನಿ ಓದಲು ಬರದಿದ್ದರೂ ಈ ಹಂತ ಮಾಡಬಹುದು. ಗಜಿಬಿಜಿಯಲ್ಲೂ ಜಾತಿಗಳಿವೆ. ಒಮ್ಮೆ ಕಣ್ಣು ಪಳಗಿದರೆ ದೂರದಿಂದಲೇ ಗೊತ್ತಾಗುತ್ತದೆ.

ಡಾಲರ್ ಚಿಹ್ನೆ, ಅದರ ಹಿಂದೆಯೇ ದೊಡ್ಡ ಬಿ. ನಡುವೆ ಇಂಗ್ಲಿಷ್ ಅಕ್ಷರ, ಅಂಕಿಗಳ ಗೋಜಲು, ಕೊನೆಗೆ ತೆರೆಯುವ ಆವರಣ ಮತ್ತು ಬಿ. ಇದು ಐಎಸ್‌ಒ-2022-ಜೆಪಿ. ಇದರಲ್ಲಿ ‘ಇಲ್ಲಿಂದ ಜಪಾನಿ ಶುರು’, ‘ಇಲ್ಲಿಂದ ಇಂಗ್ಲಿಷ್’ ಎಂದು ಹೇಳಲು ಎಸ್ಕೇಪ್ ಎಂಬ ಕಾಣದ ಬೈಟ್ ಇರುತ್ತದೆ. ಒಂದೋ ಚೀಟಿ ಇಲ್ಲ, ಒಂದೋ ದಾರಿಯಲ್ಲಿ ಎಸ್ಕೇಪ್ ಕಳೆದುಹೋಗಿದೆ.

ಎಡಗಡೆ ಒಂದೇ ಥರ ಇರುವ ಕಾಂಜಿಗಳ ದಂಡು. ನೂಲು ಸುತ್ತಿದ ಹಾಗಿರುವ ಎಡಭಾಗ ಮತ್ತೆ ಮತ್ತೆ ಬರುತ್ತದೆ. ಯುಟಿಎಫ್-8 ಮೇಲನ್ನು ಶಿಫ್ಟ್-ಜಿಸ್ ಎಂದು ಓದಿದಾಗ ಹೀಗಾಗುತ್ತದೆ. ಜಪಾನಿ ಬಾರದವರು ಇದನ್ನು ನೋಡಿ ‘ಸರಿಯಾಗೇ ಬಂದಿದೆಯಲ್ಲ’ ಎಂದು ಕೂತಿರುತ್ತಾರೆ. ನಿಜವಾದ ಜಪಾನಿಯಲ್ಲಿ ಬಳುಕುವ ಸರಳ ಹಿರಾಗಾನಾ ಸಾಲಿಗೆ ಹತ್ತಾರು ಇರಬೇಕು. ಬರೀ ದಟ್ಟ ಕಾಂಜಿಯೇ ಇದ್ದರೆ ಅನುಮಾನಪಡಿ.

ತಲೆಯ ಮೇಲೆ ಅಲೆಗೆರೆ ಇರುವ ಸಣ್ಣ ಎ. ಮೂರು ನಾಲ್ಕು ಅಕ್ಷರಕ್ಕೊಮ್ಮೆ ಬರುತ್ತದೆ. ಯುಟಿಎಫ್-8 ಮೇಲನ್ನು ಯುರೋಪಿನ ಪಟ್ಟಿಯಲ್ಲಿ ಓದಲಾಗಿದೆ.

ಬಾಲ ಬಾಗಿದ ಎಫ್, ಸಾಲಿನ ಬುಡದಲ್ಲಿ ಕೂತ ಅಲ್ಪವಿರಾಮದಂಥ ಗುರುತು. ಶಿಫ್ಟ್-ಜಿಸ್ ಮೇಲನ್ನು ಯುರೋಪಿನ ಪಟ್ಟಿಯಲ್ಲಿ ಓದಿದ ಫಲ. ಅದೇ ಜಾಗದಲ್ಲಿ ನಾಲ್ಕು ಮೂಲೆಗೆ ಕಡ್ಡಿ ಚಾಚಿದ ಸಣ್ಣ ಸೊನ್ನೆ ಮತ್ತು ಯೆನ್ ಚಿಹ್ನೆ ಒಂದು ಬಿಟ್ಟು ಒಂದು ಬಂದರೆ ಅದು ಇಯುಸಿ-ಜೆಪಿ.

ಇಕ್ಕಟ್ಟಾದ ಅರ್ಧ ಅಗಲದ ಕಟಕಾನಾ (ಜಪಾನಿಯ ಇನ್ನೊಂದು ಉಚ್ಚಾರದ ಲಿಪಿ, ಗೆರೆಗಳು ನೆಟ್ಟಗೆ). ಇಯುಸಿ-ಜೆಪಿ ಮೇಲನ್ನು ಶಿಫ್ಟ್-ಜಿಸ್ ಎಂದು ಓದಿದೆ.

ಕಪ್ಪು ಹರಳಿನೊಳಗೆ ಪ್ರಶ್ನೆ ಚಿಹ್ನೆ. ನಿಮ್ಮ ಪರದೆಯಲ್ಲಿ ಮಾತ್ರ ಹಾಗಿದ್ದರೆ ಭಯವಿಲ್ಲ, ಮೂಲ ಸರಿ ಇರಬಹುದು. ಯಾರೋ ಅದನ್ನು ಹಾಗೇ ಉಳಿಸಿ ಕಳಿಸಿದ್ದರೆ ಕಥೆ ಮುಗಿಯಿತು.

ಬರೀ ಪ್ರಶ್ನೆ ಚಿಹ್ನೆಗಳು. ಇದು ಅಪಾಯದ ಗಂಟೆ. ಮೂಲದಲ್ಲೂ ಹೀಗೇ ಇದ್ದರೆ ಪುಡಿ ಚೆಲ್ಲಿದೆ ಎಂದರ್ಥ. ನೇರ ಹಂತ 8ಕ್ಕೆ ಹೋಗಿ, ಉಳಿದದ್ದು ಸುಮ್ನೆ ಸಮಯ ಹಾಳು.

ಖಾಲಿ ಚೌಕಗಳು. ಇದು ಎನ್‌ಕೋಡಿಂಗ್ ತೊಂದರೆಯೇ ಅಲ್ಲ. ಕಂಪ್ಯೂಟರಿನಲ್ಲಿ ಜಪಾನಿ ಫಾಂಟ್ ಇಲ್ಲ ಅಷ್ಟೆ. ಫಾಂಟ್ ಹಾಕಿ ಗೆಲ್ಲಬಹುದಾದ ಏಕೈಕ ಸಂದರ್ಭ ಇದೇ. ನುಡಿ, ಬರಹದ ಹಳೆಯ ಫೈಲು ತೆರೆದು ಪೇಚಾಡಿದವರಿಗೆ ಕೈ ತಾನಾಗಿ ಫಾಂಟ್ ಪಟ್ಟಿಗೆ ಹೋಗುತ್ತದೆ, ಅಲ್ವಾ? ಅಲ್ಲಿ ಫಾಂಟ್ ಬದಲಿಸಿದರೆ ಕನ್ನಡ ಬರುತ್ತಿತ್ತು. ಇಲ್ಲಿ ಮೇಲೆ ಹೇಳಿದ ಉಳಿದ ಯಾವ ಜಾತಿಗೂ ಅದು ಮದ್ದಲ್ಲ.

ಇನ್ನೊಂದು ಮಾತು. ಇನ್‌ವಾಯ್ಸ್‌ನಲ್ಲಿ ಬ್ಯಾಕ್‌ಸ್ಲ್ಯಾಶ್, ಅದರ ಹಿಂದೆಯೇ 5000 ಎಂದು ಕಂಡರೆ ಅದು 5000 ಯೆನ್. ಹಳೆಯ ಜಪಾನಿ ಪಟ್ಟಿಯಲ್ಲಿ ಯೆನ್ ಚಿಹ್ನೆ ಬ್ಯಾಕ್‌ಸ್ಲ್ಯಾಶ್‌ನ ಜಾಗದಲ್ಲೇ ಕೂತಿದೆ. ತಿದ್ದಲು ಹೋಗಬೇಡಿ.

## ಹಂತ 3: ಚೀಟಿ ಓದಿ

ಥಂಡರ್‌ಬರ್ಡ್‌ನಲ್ಲಿ ಕಂಟ್ರೋಲ್-ಯು ಒತ್ತಿದರೆ ಮೇಲ್‌ನ ಮೂಲ ಕಾಣುತ್ತದೆ. ಎರಡು ಸಾಲು ಹುಡುಕಿ. ಒಂದು ಕಂಟೆಂಟ್-ಟೈಪ್, ಅದರಲ್ಲಿ ಚಾರ್‌ಸೆಟ್ ಎಂಬ ಪದದ ಮುಂದೆ ಎನ್‌ಕೋಡಿಂಗ್ ಹೆಸರು ಇರುತ್ತದೆ. ಇನ್ನೊಂದು ಕಂಟೆಂಟ್-ಟ್ರಾನ್ಸ್‌ಫರ್-ಎನ್‌ಕೋಡಿಂಗ್, ಅದು ಬೈಟ್‌ಗಳನ್ನು ಹೇಗೆ ಕಟ್ಟಿ ಕಳಿಸಿದ್ದಾರೆ ಎಂದು ಹೇಳುತ್ತದೆ: 7-ಬಿಟ್, 8-ಬಿಟ್, ಬೇಸ್64, ಕೋಟೆಡ್-ಪ್ರಿಂಟಬಲ್.

ಇಲ್ಲಿ ಎಲ್ಲರೂ ಮಾಡುವ ತಪ್ಪು ಮೊದಲು ಸಿಕ್ಕ ಕಂಟೆಂಟ್-ಟೈಪ್ ನೋಡಿ ನಿಲ್ಲಿಸುವುದು. ಈಗಿನ ಮೇಲ್‌ಗಳಲ್ಲಿ ಸಾದಾ ಪಠ್ಯ ಒಂದು ಭಾಗ, ಎಚ್‌ಟಿಎಂಎಲ್ ಇನ್ನೊಂದು ಭಾಗ. ಪ್ರತಿ ಭಾಗಕ್ಕೂ ಅದರದ್ದೇ ಚೀಟಿ. ಮೊದಲನೆಯದು ಸರಿ ಇದ್ದು ಎರಡನೆಯದು ತಪ್ಪಿರಬಹುದು.

ಚೀಟಿಯನ್ನು ಪುಡಿಯೊಂದಿಗೆ ತಾಳೆ ನೋಡಿ. ಬೇಸ್64 ಆಗಿದ್ದರೆ ಒಂದು ಸುಲಭದ ಗುರುತಿದೆ. ಈ ಗುರುತನ್ನು ನಾನು ದಿನಾ ಬಳಸುತ್ತೇನೆ. ಪಠ್ಯ ಜಪಾನಿಯಿಂದಲೇ ಶುರುವಾಗಿದ್ದರೆ ಮೊದಲ ನಾಲ್ಕು ಅಕ್ಷರ ದೊಡ್ಡ ಜಿ, ಸಣ್ಣ ವೈ, ದೊಡ್ಡ ಆರ್, ದೊಡ್ಡ ಸಿ ಎಂದಿದ್ದರೆ ಅದು ಐಎಸ್‌ಒ-2022-ಜೆಪಿ. 44 ಎಂದು ಶುರುವಾದರೆ ಯುಟಿಎಫ್-8ರ ಹಿರಾಗಾನಾ ಅಥವಾ ಕಟಕಾನಾ. ಸಣ್ಣ ಜಿ ಇಂದ ಶುರುವಾದರೆ ಹೆಚ್ಚಾಗಿ ಶಿಫ್ಟ್-ಜಿಸ್. ಚೀಟಿ ಯುಟಿಎಫ್-8 ಎನ್ನುತ್ತಿದೆ, ಪುಡಿ ಜಿ-ವೈ-ಆರ್-ಸಿ ಎನ್ನುತ್ತಿದೆ ಎಂದರೆ ಕಳ್ಳ ಸಿಕ್ಕಿಬಿದ್ದ.

ಚಾರ್‌ಸೆಟ್ ಎಂಬ ಪದವೇ ಇಲ್ಲವಾ? ವೆಬ್ ಫಾರ್ಮ್‌ನಿಂದ ತಾನಾಗಿ ಬರುವ ಹಳೆಯ ಮೇಲ್‌ಗಳಲ್ಲಿ ಇದು ಮಾಮೂಲು. ಒಳಗಿನ ಪಠ್ಯ ಶಿಫ್ಟ್-ಜಿಸ್, ಚೀಟಿ ಖಾಲಿ. ಪರದೆಯ ತುಂಬ ಸಮ ಚಿಹ್ನೆ, ಅದರ ಹಿಂದೆ ಎರಡೆರಡು ಅಂಕಿ-ಅಕ್ಷರ ಕಾಣುತ್ತಿದ್ದರೆ ಕಾಣೆಯಾದದ್ದು ಟ್ರಾನ್ಸ್‌ಫರ್ ಸಾಲು.

## ಹಂತ 4: ಮೇಲ್ ತಂತ್ರಾಂಶದಲ್ಲೇ ಪ್ರಯತ್ನಿಸಿ

ಥಂಡರ್‌ಬರ್ಡ್‌ನ ಹೊಸ ಆವೃತ್ತಿಗಳಲ್ಲಿ ವ್ಯೂ ಮೆನುವಿನಲ್ಲಿ ರಿಪೇರ್ ಟೆಕ್ಸ್ಟ್ ಎನ್‌ಕೋಡಿಂಗ್ ಇದೆ. ಒಂದು ಸಲ ಒತ್ತಿ. ಅದು ತಾನೇ ಊಹಿಸುತ್ತದೆ. ಹಿಂದೆ ಇದ್ದ ಉದ್ದನೆಯ ಪಟ್ಟಿ ಈಗಿಲ್ಲ, ಅದು ನನಗೇನೋ ಇಷ್ಟವಾಗಲಿಲ್ಲ.

ಹಳೆಯ ಔಟ್‌ಲುಕ್‌ನಲ್ಲಿ ಮೇಲನ್ನು ಬೇರೆ ಕಿಟಕಿಯಲ್ಲಿ ತೆರೆಯಲೇಬೇಕು. ಪಕ್ಕದ ಪ್ರಿವ್ಯೂದಲ್ಲಿ ಈ ಆಯ್ಕೆ ಸಿಗುವುದಿಲ್ಲ. ಆಕ್ಷನ್ಸ್, ಅದರ್ ಆಕ್ಷನ್ಸ್, ಎನ್‌ಕೋಡಿಂಗ್ ಎಂದು ಹೋಗಿ. ಮೊದಲು ಜಪಾನೀಸ್ ಆಟೋ-ಸೆಲೆಕ್ಟ್. ಆಗದಿದ್ದರೆ ಜಿಸ್, ಶಿಫ್ಟ್-ಜಿಸ್, ಇಯುಸಿ, ಯುಟಿಎಫ್-8 ಒಂದೊಂದಾಗಿ. ಆಪಲ್ ಮೇಲ್‌ನಲ್ಲಿ ಮೆಸೇಜ್ ಮೆನುವಿನ ಕೆಳಗೆ ಟೆಕ್ಸ್ಟ್ ಎನ್‌ಕೋಡಿಂಗ್ ನೋಡಿ. ಜಿಮೇಲ್ ಬ್ರೌಸರ್‌ನಲ್ಲಿ ಇಂಥ ಮೆನು ಇಲ್ಲ. ಹಂತ 1ರಲ್ಲಿ ಇಳಿಸಿಕೊಂಡ ಫೈಲನ್ನು ಥಂಡರ್‌ಬರ್ಡ್‌ನಲ್ಲಿ ತೆರೆಯಿರಿ.

ಸರಿಹೋಗಿದೆಯೇ ಎಂದು ನೋಡುವಾಗ ಮೊದಲ ಸಾಲಿಗೇ ಖುಷಿಪಡಬೇಡಿ. ಕೊನೆಯವರೆಗೆ ಇಳಿಯಿರಿ. ನಡುವೆ ಒಂದು ಪ್ಯಾರಾ ಮಾತ್ರ ಇನ್ನೂ ಕೆಟ್ಟಿದ್ದರೆ, ಅದು ಮೊದಲೇ ಕೆಟ್ಟು, ಆಮೇಲೆ ಬೇರೆ ಮೇಲ್‌ನಿಂದ ಒಳಗೆ ಬಂದ ಹಳೆಯ ಮಾತು. ಅದನ್ನು ಇಲ್ಲಿಂದ ಸರಿಮಾಡಲು ಆಗುವುದಿಲ್ಲ.

## ಹಂತ 5: ಚೀಟಿಯನ್ನು ಕೈಯಿಂದ ತಿದ್ದಿ

ಮೆನು ಕೈಕೊಟ್ಟಾಗ ಈ ದಾರಿ. ಇಎಂಎಲ್ ಫೈಲಿನ ಪ್ರತಿಯನ್ನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆರೆಯಿರಿ. ಕೆಟ್ಟ ಭಾಗದ ಚಾರ್‌ಸೆಟ್ ಮುಂದಿನ ಹೆಸರು ಅಳಿಸಿ, ಹಂತ 2 ಮತ್ತು 3ರಲ್ಲಿ ಕಂಡುಕೊಂಡ ಹೆಸರು ಬರೆಯಿರಿ. ಉಳಿಸಿ, ಥಂಡರ್‌ಬರ್ಡ್‌ನಲ್ಲಿ ತೆರೆಯಿರಿ. ಎಚ್‌ಟಿಎಂಎಲ್ ಭಾಗವಾಗಿದ್ದರೆ ಒಳಗಿನ ಮೆಟಾ ಸಾಲಿನಲ್ಲೂ ಒಂದು ಚಾರ್‌ಸೆಟ್ ಇರಬಹುದು, ಅದನ್ನೂ ಹೊಂದಿಸಿ.

ಎಚ್ಚರ ಬೇಕಾದದ್ದು ಎಡಿಟರ್‌ನ ಎನ್‌ಕೋಡಿಂಗ್ ಮೆನುವಿನಲ್ಲಿ. ಅಲ್ಲಿ ಕ್ಯಾರೆಕ್ಟರ್ ಸೆಟ್ಸ್ ಎಂದಿರುವುದು ಬೈಟ್ ಮುಟ್ಟದೆ ಬೇರೆ ರೀತಿ ಓದಿ ತೋರಿಸುತ್ತದೆ. ಕನ್ವರ್ಟ್ ಎಂದಿರುವುದು ಬೈಟ್‌ಗಳನ್ನೇ ಬದಲಿಸುತ್ತದೆ. ತಪ್ಪಾಗಿ ಕಾಣುತ್ತಿರುವಾಗ ಕನ್ವರ್ಟ್ ಒತ್ತಿ ಉಳಿಸಿದರೆ ತಪ್ಪೇ ಗಟ್ಟಿಯಾಗುತ್ತದೆ. ಪ್ರತಿ ಮಾಡಿಕೊಳ್ಳಿ ಎಂದು ಮೊದಲೇ ಹೇಳಿದ್ದು ಇದಕ್ಕೇ.

ಡಾಲರ್-ಬಿ ಕೇಸಿನಲ್ಲಿ ಎಡಿಟರ್ ಇನ್ನೊಂದು ಸತ್ಯ ಹೇಳುತ್ತದೆ. ಡಾಲರ್‌ನ ಮುಂಚೆ ಇಎಸ್‌ಸಿ ಎಂಬ ಪುಟ್ಟ ಕಪ್ಪು ಡಬ್ಬಿ ಕಾಣುತ್ತಿದ್ದರೆ ಎಸ್ಕೇಪ್ ಬೈಟ್ ಬದುಕಿದೆ, ಚೀಟಿ ತಿದ್ದಿದರೆ ಸಾಕು. ಡಬ್ಬಿ ಇಲ್ಲದಿದ್ದರೆ ದಾರಿಯಲ್ಲಿ ಯಾವುದೋ ಸರ್ವರ್ ಅಥವಾ ಫಿಲ್ಟರ್ ಅದನ್ನು ನುಂಗಿದೆ. ಆಗ ಎನ್‌ಕೆಎಫ್ ತೆಗೆಯಿರಿ. ದೊಡ್ಡ ಬಿ ಆಯ್ಕೆ ಕೊಟ್ಟರೆ ಎಸ್ಕೇಪ್ ಕಳೆದುಕೊಂಡ ಪಠ್ಯವನ್ನು ಅದು ರಿಪೇರಿ ಮಾಡುತ್ತದೆ, ಜೊತೆಗೆ ಸಣ್ಣ ಡಬ್ಲ್ಯೂ ಕೊಟ್ಟರೆ ಯುಟಿಎಫ್-8ರಲ್ಲಿ ಹೊರಬರುತ್ತದೆ. ಬಿ ಸಣ್ಣದಾದರೆ ಕೆಲಸ ಮಾಡುವುದಿಲ್ಲ, ನೆನಪಿರಲಿ.

## ಹಂತ 6: ಸಬ್ಜೆಕ್ಟ್ ಸಾಲು ಮತ್ತು ಅಟ್ಯಾಚ್‌ಮೆಂಟ್ ಹೆಸರು

ಒಳಗಿನ ಪಠ್ಯ ಸರಿಹೋಗಿ ಸಬ್ಜೆಕ್ಟ್ ಮಾತ್ರ ಕೆಟ್ಟೇ ಇರುವುದುಂಟು. ಕಾರಣ, ಸಬ್ಜೆಕ್ಟ್‌ಗೆ ಬೇರೆಯದೇ ಚೀಟಿ. ಮೂಲದಲ್ಲಿ ಅದು ಸಮ ಚಿಹ್ನೆ, ಪ್ರಶ್ನೆ ಚಿಹ್ನೆಯಿಂದ ಶುರುವಾಗುತ್ತದೆ, ಆಮೇಲೆ ಎನ್‌ಕೋಡಿಂಗ್ ಹೆಸರು, ಕೊನೆಗೆ ಪ್ರಶ್ನೆ ಚಿಹ್ನೆ, ಸಮ ಚಿಹ್ನೆ. ಮೇಲ್ ಹೇಗೆ ಕಟ್ಟಬೇಕು ಎಂದು ಹೇಳುವ 1996ರ ಮೈಮ್ ನಿಯಮದ ಪ್ರಕಾರ ಇಂಥ ಒಂದು ತುಂಡು 75 ಅಕ್ಷರ ಮೀರುವಂತಿಲ್ಲ, ಒಂದು ಜಪಾನಿ ಅಕ್ಷರವನ್ನು ಎರಡು ತುಂಡಿಗೆ ಸೀಳುವಂತೆಯೂ ಇಲ್ಲ. ಕೆಲವು ಪ್ರೋಗ್ರಾಂಗಳು ಸೀಳುತ್ತವೆ. ಉದ್ದ ಸಬ್ಜೆಕ್ಟ್‌ನ ನಡುವೆ ಒಂದೋ ಎರಡೋ ಅಕ್ಷರ ಮಾತ್ರ ಕೆಟ್ಟಿದ್ದರೆ ಇದೇ ಕಾರಣ. ನೀವು ಜಪಾನಿಯಲ್ಲಿ ಸಬ್ಜೆಕ್ಟ್ ಬರೆಯುವಾಗ ಚಿಕ್ಕದಾಗಿಡಿ.

ಅಟ್ಯಾಚ್‌ಮೆಂಟ್ ಹೆಸರು ಕೆಟ್ಟಿದ್ದರೆ ಫೈಲೂ ಕೆಟ್ಟಿದೆ ಎಂದುಕೊಳ್ಳಬೇಡಿ. ಹೆಸರು ಬದಲಿಸಿ, ಪಿಡಿಎಫ್ ಅಥವಾ ಎಕ್ಸೆಲ್ ಎಂಬ ಬಾಲ ಸರಿ ಹಾಕಿ ತೆರೆಯಿರಿ. ವಿನ್‌ಮೇಲ್ ಡಾಟ್ ಡ್ಯಾಟ್ ಎಂಬ ಒಂದೇ ಫೈಲ್ ಬಂದಿದ್ದರೆ ಅದು ಔಟ್‌ಲುಕ್‌ನ ರಿಚ್ ಟೆಕ್ಸ್ಟ್ ಕಟ್ಟು. ಕಳಿಸಿದವರಿಗೆ ಎಚ್‌ಟಿಎಂಎಲ್ ಅಥವಾ ಸಾದಾ ಪಠ್ಯದಲ್ಲಿ ಕಳಿಸಲು ಹೇಳಿ.

ಜಪಾನಿ ವಿಂಡೋಸ್‌ನಲ್ಲಿ ಮಾಡಿದ ಜಿಪ್ ಫೈಲ್ ಬಿಚ್ಚಿದಾಗ ಒಳಗಿನ ಹೆಸರುಗಳು ಕೆಡುವುದು ಇನ್ನೊಂದು ಮಾಮೂಲು ಗೋಳು. ಹೆಸರುಗಳು ಕೋಡ್ ಪೇಜ್ 932ರಲ್ಲಿ, ಅಂದರೆ ವಿಂಡೋಸ್‌ನ ಶಿಫ್ಟ್-ಜಿಸ್‌ನಲ್ಲಿರುತ್ತವೆ. ಬಿಚ್ಚುವ ತಂತ್ರಾಂಶಕ್ಕೆ 932 ಎಂದು ಹೇಳಿಕೊಡಬೇಕು. ಸಿಎಸ್‌ವಿ ಫೈಲನ್ನು (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಟ್ಟಿ) ಎಕ್ಸೆಲ್‌ನಲ್ಲಿ ನೇರ ಕ್ಲಿಕ್ ಮಾಡಿ ತೆರೆಯಬೇಡಿ. ಲಿಬ್ರೆಆಫೀಸ್ ತೆರೆಯುವಾಗಲೇ ಯಾವ ಕ್ಯಾರೆಕ್ಟರ್ ಸೆಟ್ ಎಂದು ಕೇಳುತ್ತದೆ, ಶಿಫ್ಟ್-ಜಿಸ್ ಆರಿಸಿ.

## ಹಂತ 7: ನಿಮ್ಮ ಉತ್ತರ ಅವರಲ್ಲಿ ಕೆಡದಂತೆ ನೋಡಿಕೊಳ್ಳಿ

ಈಗ ಎಲ್ಲವನ್ನೂ ಯುಟಿಎಫ್-8ರಲ್ಲೇ ಕಳಿಸಿ. ಔಟ್‌ಲುಕ್‌ನಲ್ಲಿ ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್ ಒಳಗೆ ಇಂಟರ್‌ನ್ಯಾಷನಲ್ ಆಪ್ಷನ್ಸ್ ಇದೆ. ತಾನಾಗಿ ಆರಿಸು ಎಂಬ ಗುರುತು ತೆಗೆದು ಯುಟಿಎಫ್-8 ಇಡಿ.

ನಮ್ಮವರಿಗೆ ಇಲ್ಲೊಂದು ಅಪಾಯ ಇದೆ. ಜಪಾನಿನಿಂದ ಬಂದ ಮೇಲ್ ಐಎಸ್‌ಒ-2022-ಜೆಪಿ ಆಗಿದ್ದರೆ ಕೆಲವು ತಂತ್ರಾಂಶಗಳು ಉತ್ತರವನ್ನೂ ಅದರಲ್ಲೇ ಕಟ್ಟುತ್ತವೆ. ಆ ಪಟ್ಟಿಯಲ್ಲಿ ಕನ್ನಡ ಅಕ್ಷರ ಇಲ್ಲ. ರೂಪಾಯಿ ಚಿಹ್ನೆಯೂ ಇಲ್ಲ. ಸಹಿಯಲ್ಲಿ ಕನ್ನಡದಲ್ಲಿ ಹೆಸರು ಹಾಕಿದ್ದರೆ ಅಲ್ಲಿಗೆ ಹೋಗುವುದು ಪ್ರಶ್ನೆ ಚಿಹ್ನೆಗಳ ಸಾಲು. ಕೊಟೇಶನ್‌ನಲ್ಲಿ ಮೊತ್ತದ ಮುಂಚೆ ಪ್ರಶ್ನೆ ಚಿಹ್ನೆ ಹೋದರೆ ಇನ್ನೂ ಮುಜುಗರ. ಬಿಡದಿಯಲ್ಲಿ ಕೂತು ಜಪಾನಿಗೆ ದಿನಾ ಮೇಲ್ ಬರೆಯುವವರು ಇದೊಂದನ್ನು ಪರೀಕ್ಷಿಸಿಕೊಳ್ಳಿ. ಅಂಥ ಒಂದು ಮೇಲ್‌ಗೆ ಉತ್ತರ ಬರೆಯಿರಿ, ಅವರ ವಿಳಾಸ ತೆಗೆದು ನಿಮ್ಮದನ್ನೇ ಹಾಕಿ ಕಳಿಸಿ, ಬಂದದ್ದರ ಚೀಟಿ ಓದಿ.

ಆಚೆಯ ಹಳೆಯ ವ್ಯವಸ್ಥೆ ಐಎಸ್‌ಒ-2022-ಜೆಪಿಯನ್ನೇ ಬೇಡಿದರೆ ಕೆಲವು ಅಕ್ಷರ ಬಿಡಿ. ವೃತ್ತದೊಳಗಿನ ಅಂಕಿ, ಒಂದೇ ಅಕ್ಷರದಲ್ಲಿ ಬರೆದ ರೋಮನ್ ಅಂಕಿ, ಆವರಣದೊಳಗೆ ‘ಕಬು’ ಬರೆದ ಕಂಪನಿ ಗುರುತು, ಅರ್ಧ ಅಗಲದ ಕಟಕಾನಾ. ಇವು ಮೇಲ್‌ಗೆ ಒಪ್ಪಿದ ಪಟ್ಟಿಯಲ್ಲಿಲ್ಲ. ಅಂಕಿಯನ್ನು ಸಾದಾ ಆವರಣದಲ್ಲಿ ಬರೆಯಿರಿ. ‘ಇಂದ-ವರೆಗೆ’ ಎಂದು ತೋರಿಸುವ ಅಲೆಗೆರೆಯೂ ನಂಬಿಕಸ್ಥನಲ್ಲ. ವಿಂಡೋಸ್ ಅದನ್ನು ಯೂನಿಕೋಡ್‌ನ ಒಂದು ಜಾಗಕ್ಕೆ ಹಾಕುತ್ತದೆ, ಉಳಿದವು ಇನ್ನೊಂದು ಜಾಗಕ್ಕೆ. ದಿನಾಂಕ, ಸಮಯ ಬರೆಯುವಾಗ ಅಡ್ಡಗೆರೆ ಸಾಕು.

ಹೆಸರುಗಳ ವಿಷಯ ಮಾತ್ರ ಸೂಕ್ಷ್ಮ. ತಕಾಹಾಶಿ ಎಂಬ ಹೆಸರಿನ ‘ತಕಾ’ಕ್ಕೆ ಎರಡು ರೂಪ. ನಡುವೆ ಏಣಿಯ ಹಾಗಿರುವ ರೂಪ ಹಳೆಯ ಪಟ್ಟಿಯಲ್ಲಿಲ್ಲ. ನಿಮ್ಮಷ್ಟಕ್ಕೆ ಇನ್ನೊಂದು ರೂಪ ಹಾಕಿ ಕಳಿಸಿದರೆ ಕೆಲವರಿಗೆ ಬೇಸರವಾಗುತ್ತದೆ. ಇಂಥವರಿಗೆ ಯುಟಿಎಫ್-8 ಬಿಟ್ಟು ಬೇರೆ ದಾರಿ ಬೇಡ.

## ಹಂತ 8: ಮತ್ತೆ ಕಳಿಸಿ ಎಂದು ಕೇಳುವುದು

ಮೂಲದಲ್ಲೇ ಪ್ರಶ್ನೆ ಚಿಹ್ನೆಗಳಿದ್ದರೆ ಕೇಳದೆ ವಿಧಿಯಿಲ್ಲ. ಆದರೆ ‘ಮತ್ತೆ ಕಳಿಸಿ’ ಎಂದಷ್ಟೇ ಬರೆದರೆ ಅದೇ ದಾರಿಯಲ್ಲಿ ಅದೇ ಥರ ಕೆಟ್ಟು ಬರುತ್ತದೆ. ದಾರಿ ಬದಲಿಸಲು ಹೇಳಿ: ಪಠ್ಯವನ್ನು ಪಿಡಿಎಫ್ ಮಾಡಿ, ಫೈಲಿಗೆ ಇಂಗ್ಲಿಷ್ ಅಕ್ಷರದ ಹೆಸರು ಕೊಟ್ಟು, ಜಿಪ್ ಮಾಡದೆ ಕಳಿಸಲಿ.

ಕೋರಿಕೆಯನ್ನು ಇಂಗ್ಲಿಷ್‌ನಲ್ಲೋ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಜಪಾನಿಯಲ್ಲೋ ಕಳಿಸಿ. ಅದು ಕೆಡುವ ಭಯವಿಲ್ಲ. ‘ಮೊಜಿಬಾಕೆ ನೋ ತಮೆ, ಪಿಡಿಎಫ್ ದೆ ಸೈಸೋ ಒನೆಗಾಯ್ ಇತಾಶಿಮಾಸು’ ಎಂದರೆ ‘ಅಕ್ಷರ ಕೆಟ್ಟಿರುವುದರಿಂದ ಪಿಡಿಎಫ್‌ನಲ್ಲಿ ಮತ್ತೆ ಕಳಿಸಿಕೊಡಿ’ ಎಂದು. ಜೊತೆಗೆ ಪರದೆಯ ಚಿತ್ರ ಲಗತ್ತಿಸಿ. ಅವರ ಕಂಪ್ಯೂಟರ್ ವಿಭಾಗದವರು ಹಂತ 2ರ ಹಾಗೆ ಮುಖ ನೋಡಿಯೇ ಏನಾಗಿದೆ ಎಂದು ಹೇಳಿಬಿಡಬಹುದು. ಕೆಟ್ಟ ಮೂಲ ಮೇಲನ್ನು ಹೊಸದು ಸರಿಯಾಗಿ ಬಂದು ಕೊನೆಯ ಸಾಲಿನವರೆಗೆ ಓದಿ ನೋಡುವ ತನಕ ಅಳಿಸಬೇಡಿ.